ಟಿಳಕವಾಡಿ ಮನೆ, ಅಡವಿಟ್ಟ ಪಾಟ್ಲಿ

ಪ್ರಶ್ನೆ: ಮಗಳ ಶಾಲೆ ಹತ್ತಿರ ಅಂತ ಬೆಳಗಾವಿಯ ಖಾಸಬಾಗದ ಅತ್ತೆ ಮನೆ ಬಿಟ್ಟು ಟಿಳಕವಾಡಿಯ ಅಪಾರ್ಟ್‌ಮೆಂಟಿಗೆ ಬಂದೆವು. 11 ತಿಂಗಳ ಕರಾರು ಮುಗಿಯುತ್ತಾ ಬಂದಿದೆ. ಮನೆಯವರಿಗೆ ಉದ್ಯಮಬಾಗದಲ್ಲಿ ಕೆಲಸ, ಕೈಗೆ 56,000 ರೂಪಾಯಿ ಬರುತ್ತದೆ. ಬಾಡಿಗೆ 18,000, ಮೇಂಟೆನೆನ್ಸ್ 2,500, ಕಾರಿನ ಕಂತು 9,500. ಬಿಲ್ಡಿಂಗಿನ ಹನ್ನೆರಡು ಹೆಂಗಸರ ಭಿಶಿಗೆ, ಅಂದರೆ ಎಲ್ಲರೂ ಕೂಡಿ ಕಟ್ಟುವ ಚೀಟಿಗೆ, ತಿಂಗಳಿಗೆ 5,000. ನನ್ನ ಚೀಟಿ ಇನ್ನೂ ಎದ್ದಿಲ್ಲ. ಖರ್ಚು ತೂಗದೆ ತವರಿನ ಪಾಟ್ಲಿ (ಚಿನ್ನದ ಬಳೆ) ಅಡವಿಟ್ಟು 50,000 ತಂದಿದ್ದೇನೆ, ಮನೆಯವರಿಗೆ ಗೊತ್ತಿಲ್ಲ. ಅತ್ತೆ ಮನೆಯ ಮೇಲಿನ ಎರಡು ಖೋಲಿ ಖಾಲಿ ಇವೆ. ಇವರು 'ವಾಪಸ್ ಹೋದ್ರ ಮಂದಿ ಏನಂದಾರು' ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ತಂಗಿ, ಮನೆಯ ಮಾತು ಆಮೇಲೆ. ಮೊದಲು ಪಾಟ್ಲಿ. ಈ ವಾರವೇ ಮನೆಯವರಿಗೆ ಹೇಳಿಬಿಡಿ. ಚಿನ್ನದ ಸಾಲಕ್ಕೆ ಗಡುವು ಇರುತ್ತದೆ. ಕಟ್ಟದಿದ್ದರೆ ನೋಟಿಸ್ ಬರುತ್ತದೆ, ಆಮೇಲೆ ಹರಾಜು. ಆ ನೋಟಿಸನ್ನು ಅವರೇ ಒಡೆದು ಓದುವುದಕ್ಕಿಂತ ನಿಮ್ಮ ಬಾಯಿಂದ ಕೇಳುವುದು ವಾಸಿ, ಅಲ್ವಾ? ಬೈದರೆ ಬೈಯಲಿ.

ಭಿಶಿಯನ್ನು ನಡುವೆ ಬಿಡಬೇಡಿ. ನಿಮ್ಮ ಚೀಟಿ ಎದ್ದರೆ 60,000 ಬರುತ್ತದೆ. ಮುಂದಿನ ಸಲ ನನಗೆ ಬಿಟ್ಟುಕೊಡಿ ಎಂದು ಕೇಳಿ. ಮದುವೆ, ಆಸ್ಪತ್ರೆ ಅಂತ ಹೀಗೆ ಕೇಳುವವರು ಎಲ್ಲಾ ಕಡೆ ಇರುತ್ತಾರೆ. ಸಿಕ್ಕರೆ ನೇರ ಹೋಗಿ ಪಾಟ್ಲಿ ಬಿಡಿಸಿಕೊಳ್ಳಿ. ಉಳಿದ ಕಂತು ಕೊನೆವರೆಗೂ ಕಟ್ಟಲೇಬೇಕು, ಅದು ನೆನಪಿರಲಿ. ಹಾಗೆ ನೋಡಿದರೆ ಭಿಶಿಯ 5,000 ತಿರುಗಿ ಬರುವ ದುಡ್ಡು. ತಿರುಗಿ ಬರದೇ ಇರುವುದು ಬೇರೆ: ಪ್ರತಿ ಸಲ ಹೊಸ ಸೀರೆ, ನಿಮ್ಮ ಮನೆಯ ಪಾಳಿ ಬಂದಾಗ ಪಾವ್‌ಭಾಜಿ, ಐಸ್‌ಕ್ರೀಮ್, ಹೋಗುವಾಗ ಕೈಗೊಂದು ಡಬ್ಬಿ. ಇದನ್ನು ನೀವು ಲೆಕ್ಕದಲ್ಲೇ ಬರೆದಿಲ್ಲ.

ನೀವು ಬರೆದ ನಾಲ್ಕು ಬಾಬತ್ತಿಗೇ 35,000 ಹೋಯಿತು. ಉಳಿದ 21,000ದಲ್ಲಿ ಶಾಲೆಯ ಫೀ, ಕಿರಾಣಿ, ಪೆಟ್ರೋಲ್, ಆಸ್ಪತ್ರೆ. ಬೇಸಿಗೆಯಲ್ಲಿ ಎಸಿ ಹಾಕಿ 200 ಯೂನಿಟ್ ದಾಟಿದರೆ ಆ ತಿಂಗಳು ಗೃಹ ಜ್ಯೋತಿಯೂ ಇಲ್ಲ, ಪೂರ್ತಿ ಬಿಲ್ ನಿಮ್ಮದೇ. (ಬೆಳಗಾವಿ ಹವೆಗೆ ಎಸಿ ಯಾಕೆ ಎಂಬುದು ಬೇರೆ ಮಾತು.) ಈ ಸಂಬಳಕ್ಕೆ ಈ ಮನೆ ಹೊಂದುವುದಿಲ್ಲ. ನನ್ನ ಕೇಳಿದರೆ ವಾಪಸ್ ಹೋಗಿ.

ಶಾಲೆ ಬಿಡಿಸಬೇಕಿಲ್ಲ. ಖಾಸಬಾಗದಿಂದ ಟಿಳಕವಾಡಿ ಏನು ಪರವೂರೇ? ರೈಲ್ವೆ ಗೇಟ್ ಬಿದ್ದರೆ ಸ್ವಲ್ಪ ತಡವಾದೀತು, ಅಷ್ಟೇ. ವ್ಯಾನ್ ಗೊತ್ತುಮಾಡಿದರೂ ಈ ಬಾಡಿಗೆಯ ಹತ್ತಿರ ಬರುವುದಿಲ್ಲ.

ಮನೆಯವರಿಗೆ ಒಂದು ಮಾತು ಕೇಳಿ: ಮಂದಿ ಅಂದರೆ ಯಾರು? ಬಿಲ್ಡಿಂಗಿನವರಾದರೆ ಅವರು ಎಷ್ಟೋ ಬಾಡಿಗೆದಾರರು ಬಂದು ಹೋಗುವುದನ್ನು ನೋಡಿದ್ದಾರೆ. ಖಾಸಬಾಗದ ಓಣಿಯವರಾದರೆ ನಾಲ್ಕು ದಿನ ಮಾತಾಡುತ್ತಾರೆ, ಐದನೇ ದಿನ ಸಂತೆಯಲ್ಲಿ ಸಿಕ್ಕು ಬದನೆಕಾಯಿ ರೇಟು ಕೇಳುತ್ತಾರೆ.

ಆದರೆ ಅತ್ತೆ ಮನೆಗೆ ಸುಮ್ನೆ ಹೋಗಿ ಇರಬೇಡಿ. ಮೇಲೆ ನಿಮ್ಮದೇ ಒಲೆ ಇರಲಿ, ಅತ್ತೆಯ ಕೈಗೆ ತಿಂಗಳಿಗೆ ಇಷ್ಟು ಅಂತ ಕೊಡಿ. ಇದನ್ನು ನೀವಲ್ಲ, ಮಗನೇ ತಾಯಿಯ ಹತ್ತಿರ ಮಾತಾಡಲಿ. ಅದು ಕೂಡಿಬರದಿದ್ದರೆ ವಡಗಾವಿ, ಅನಗೋಳದ ಕಡೆ ಸಣ್ಣ ಮನೆ ನೋಡಿ.

ಕರಾರು ಮುಗಿಯುವ ಮೊದಲು ಅದರಲ್ಲಿ ಎಷ್ಟು ದಿನ ಮುಂಚೆ ತಿಳಿಸಬೇಕು ಎಂದಿದೆ ನೋಡಿ, ಮಾಲೀಕರಿಗೆ ಬರೆದೇ ಕೊಡಿ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಎಂಬುದನ್ನೂ ಈಗಲೇ ಕೇಳಿ. ಡಿಪಾಸಿಟ್ ಪೂರ್ತಿ ಬಂದರೆ ಕಾರಿನ ಸಾಲಕ್ಕೆ ಕಟ್ಟಿ, ಹೊಸ ಸೋಫಾಕ್ಕಲ್ಲ.