ಕಳಸೂಬಾಯಿ ಸಿಡಿಯುವುದಿಲ್ಲ, ಸಿಡಿಲು ಬಡಿಯುತ್ತದೆ

ಪ್ರಶ್ನೆ: ಮಹಾರಾಷ್ಟ್ರದ ಸಹ್ಯಾದ್ರಿಯ ಕಳಸೂಬಾಯಿ ಶಿಖರ ಹಳೆಯ ಜ್ವಾಲಾಮುಖಿಯಂತೆ. ಮಕ್ಕಳೊಡನೆ ಮಳೆಗಾಲದಲ್ಲಿ ಹತ್ತಬೇಕೆಂದಿದ್ದೇವೆ. ಮತ್ತೆ ಸಿಡಿಯುವ ಭಯವಿದೆಯೇ? (ಕೋಥರೂಡ್, ಪುಣೆ)

ಉತ್ತರ: ಮುಂಗಾರಿನ ಜೊತೆಗೇ ಈ ಪ್ರಶ್ನೆಯೂ ಬರುತ್ತದೆ. 1,646 ಮೀಟರ್ ಎತ್ತರದ ಈ ಶಿಖರದ ಕಲ್ಲು ಲಾವಾದಿಂದ ಆದದ್ದು ನಿಜ, ಶಿಖರ ಜ್ವಾಲಾಮುಖಿಯಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಉದ್ದುದ್ದ ಬಿರುಕುಗಳಿಂದ ಲಾವಾ ಉಕ್ಕಿ, ಪದರದ ಮೇಲೆ ಪದರ ಹರಡಿತು. ವಿಜಯಪುರದ ಗೋಳಗುಮ್ಮಟ ಕಟ್ಟಿದ ಕಪ್ಪು ಕಲ್ಲೂ ಅದೇ. ಆಮೇಲೆ ಮಳೆ, ಹಳ್ಳಗಳು ಸುತ್ತಲಿನದನ್ನು ಕೊರೆದು ಒಯ್ದವು. ಸವೆಯದೆ ನಿಂತದ್ದು ಕಳಸೂಬಾಯಿ. ಮಗ್ಗುಲಿನ ಅಡ್ಡಪಟ್ಟಿಗಳನ್ನು ನೋಡಿ, ಒಂದೊಂದೂ ಒಂದೊಂದು ಲಾವಾ ಹರಿವು. ಅದನ್ನು ಉಕ್ಕಿಸಿದ ಶಾಖದ ಮೂಲ ಈಗ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದ ಕೆಳಗಿದೆ ಎಂಬುದು ಬಹುತೇಕ ಭೂವಿಜ್ಞಾನಿಗಳು ಒಪ್ಪುವ ಮಾತು. ನಮ್ಮ ಭೂಫಲಕ ಅದನ್ನು ಬಿಟ್ಟು ಉತ್ತರಕ್ಕೆ ಸರಿದು ಕೋಟ್ಯಂತರ ವರ್ಷಗಳಾದವು.

ಲಾವಾಕ್ಕೆ ಹೆದರುವವರು ಮೋಡಕ್ಕೇಕೆ ಹೆದರುವುದಿಲ್ಲವೋ ತಿಳಿಯದು. ಪುಣೆಯ ಆಕಾಶ ನೋಡಿ ಹೊರಡಬೇಡಿ. ಪುಣೆ ಮಳೆನೆರಳಿನ ಊರು. ಘಟ್ಟದ ನೆತ್ತಿಯ ಮಹಾಬಲೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ದಾಟುವ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಸಾವಿರವನ್ನೂ ಮುಟ್ಟುವುದಿಲ್ಲ. ಶಿಖರದಲ್ಲಿ ಪುಣೆಗಿಂತ ಆರೇಳು ಡಿಗ್ರಿ ತಂಪು. ಒದ್ದೆ ಬಟ್ಟೆ, ಗಾಳಿ ಸೇರಿದರೆ ಮಕ್ಕಳು ನಡುಗಿಬಿಡುತ್ತಾರೆ. ದಾರಿಯ ಕಬ್ಬಿಣದ ಏಣಿಗಳು ಮಳೆಯಲ್ಲಿ ಜಾರುತ್ತವೆ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳ ಮಧ್ಯಾಹ್ನಗಳಲ್ಲಿ ಸಿಡಿಲಿನ ಕಾಟ ಬೇರೆ. ಗುಡುಗು ಕೇಳಿದ ಮೇಲೂ ನೆತ್ತಿಯಲ್ಲಿ ನಿಂತು ಫೋಟೋ ತೆಗೆಯುವವರಿಗೆ ನನ್ನಲ್ಲಿ ಸಲಹೆ ಇಲ್ಲ. ಮಕ್ಕಳಿದ್ದರೆ ಡಿಸೆಂಬರ್‌ನಲ್ಲಿ ಹೋಗಿ, ಮಧ್ಯಾಹ್ನದೊಳಗೆ ಇಳಿದುಬಿಡಿ. ಅತಿ ಜಾಗ್ರತೆ ಎನ್ನುವವರು ಎನ್ನಲಿ.

ಪ್ರಶ್ನೆ: ವಜ್ರೇಶ್ವರಿಯ ಬಿಸಿನೀರು ಕೆಳಗೆ ಲಾವಾ ಇರುವುದರ ಗುರುತಲ್ಲವೇ? (ಡೊಂಬಿವಲಿ)

ಉತ್ತರ: ಅಲ್ಲ. ಬಿರುಕುಗಳಲ್ಲಿ ಆಳಕ್ಕಿಳಿದ ನೀರು ಭೂಮಿಯ ಸಹಜ ಶಾಖಕ್ಕೆ ಕಾದು ಮೇಲೆ ಬರುತ್ತದೆ.

ಪ್ರಶ್ನೆ: ಲೋಣಾರ್ ಸರೋವರ ಜ್ವಾಲಾಮುಖಿಯ ಬಾಯಿಯೇ? (ಪಿಂಪರಿ)

ಉತ್ತರ: ಉಲ್ಕೆ ಬಿದ್ದು ಆದ ಕುಳಿ. ದಯವಿಟ್ಟು ಇದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ಲಾವಾ ಕಲ್ಲಿನ ಸರ ಧರಿಸಿದರೆ ರಕ್ತದೊತ್ತಡ ಇಳಿಯುತ್ತದೆಯೇ? ಮಾರುವವರು ಮಾತ್ರೆ ಬೇಡ ಎಂದರು. (ಅಂಧೇರಿ)

ಉತ್ತರ: ನಿಮ್ಮ ಅಂಧೇರಿಯ ಗಿಲ್ಬರ್ಟ್ ಹಿಲ್ ಇಡೀ ಗುಡ್ಡವೇ ಲಾವಾ ಕಲ್ಲು. ಅದರ ಬುಡದಲ್ಲಿರುವವರೂ ಔಷಧದಂಗಡಿಗೆ ಹೋಗುತ್ತಾರೆ. ಮಾತ್ರೆ ನಿಲ್ಲಿಸಿದ್ದರೆ ಇಂದೇ ಮತ್ತೆ ಶುರುಮಾಡಿ, ವೈದ್ಯರನ್ನು ಕಾಣಿ. ಸರ ಮಾರಿದವನಿಂದ ಹಣ ವಾಪಸ್ ಕೇಳಿ.