ಹಳೇ ಫೋನ್ ನಿಧಾನ ಆಗಿದ್ರೆ ಮೊದಲು ಜಾಗ ಖಾಲಿ ಮಾಡಿ

ಅಣ್ಣಾ, ಹೊಸ ಫೋನು ಮಳೆಗೆ ನೆನೆದು ಹೋಯ್ತು, ಬೀರುವಲ್ಲಿದ್ದ ಹಳೇ ಆಂಡ್ರಾಯ್ಡ್ ತೆಗೆದ್ರೆ ವಾಟ್ಸಾಪ್ ತೆರೆಯೋದೇ ಕಷ್ಟ, ಬಿಸಾಡ್ಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಸಾಡಬೇಡಿ. ಕಾಫಿ ರೇಟು, ಆಳುಗಳ ಲೆಕ್ಕ, ಆನೆ ಬಂದಿದೆ ಅನ್ನೋ ಮೆಸೇಜು, ಇಷ್ಟಕ್ಕೆ ಆ ಫೋನು ಧಾರಾಳ ಸಾಕು.

ಫೋನಿನ ಸ್ಟೋರೇಜ್ 16 ಜಿಬಿ ಅಂತ ಹೇಳಿದ್ದೀರಿ, ಅದರಲ್ಲಿ ದೊಡ್ಡ ಪಾಲು ಆಂಡ್ರಾಯ್ಡ್ ಸಿಸ್ಟಮ್ಮಿಗೇ ಹೋಗಿರುತ್ತೆ. ಮೆಮೊರಿ ಚಿಪ್‌ನಲ್ಲಿ ಹಳೇದರ ಮೇಲೆ ನೇರ ಬರೆಯೋಕಾಗಲ್ಲ, ಮೊದಲು ಅಳಿಸಬೇಕು. ಜಾಗ ತುಂಬಿದ್ರೆ ಪ್ರತಿ ಸಲ ಇದ್ದದ್ದನ್ನ ಸರಿಸ್ತಾ ಕೂರುತ್ತೆ, ಕಣದ ತುಂಬ ಕಾಫಿ ಹರಡಿರುವಾಗ ಇನ್ನೊಂದು ಲೋಡು ಬಂದ ಹಾಗೆ. ಏನಿಲ್ಲ ಅಂದ್ರೂ 3 ಜಿಬಿ ಖಾಲಿ ಇರಲಿ.

ಶುರು ಮಾಡೋದು ವಾಟ್ಸಾಪಿಂದ. ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಯಾವ ಗುಂಪು ಎಷ್ಟು ಜಾಗ ತಿಂದಿದೆ ಅಂತ ಸಾಲಾಗಿ ಕಾಣುತ್ತೆ. 5 ಎಂಬಿಗಿಂತ ದೊಡ್ಡ ಫೈಲುಗಳನ್ನ ಬೇರೆಯಾಗೇ ತೋರಿಸುತ್ತೆ, ಅಲ್ಲಿ ಸಿಗೋದೆಲ್ಲ ಶುಭೋದಯದ ವಿಡಿಯೋಗಳೇ. ಬಿಲ್ಲು, ಪಹಣಿ ಫೋಟೋ ಇದ್ರೆ ಮೊದಲು ಎತ್ತಿಟ್ಟುಕೊಂಡು ಮಿಕ್ಕಿದ್ದು ಅಳಿಸಿ. ಮೀಡಿಯಾ ತಾನಾಗೇ ಇಳಿಯೋದನ್ನೂ ಅಲ್ಲೇ ನಿಲ್ಲಿಸಿ, ಇಲ್ಲದಿದ್ರೆ ಮತ್ತೆ ತುಂಬುತ್ತೆ. ಫೋನ್ ಸ್ಪೀಡ್ ಮಾಡ್ತೀವಿ ಅನ್ನೋ ಕ್ಲೀನರ್ ಆ್ಯಪ್ ಮಾತ್ರ ಹಾಕಲೇಬೇಡಿ, ಅದೇ ಹಿಂದೆ ಓಡ್ತಾ ಬೇರೆ ಆ್ಯಪ್ ಓಡೋಕೆ ಬೇಕಾದ ರ‍್ಯಾಮ್ ತಿನ್ನುತ್ತೆ.

ಆಮೇಲೆ ಬ್ಯಾಟರಿ. 30 ಪರ್ಸೆಂಟ್ ಇರುವಾಗಲೇ ಆಫ್ ಆದ್ರೆ ಬ್ಯಾಟರಿ ಸೋತಿದೆ ಅಂತಲೇ ಲೆಕ್ಕ. ಸೋತ ಬ್ಯಾಟರಿ ಇರೋ ಐಫೋನ್‌ಗಳ ವೇಗ ತಾವೇ ತಗ್ಗಿಸ್ತಿದ್ದೀವಿ ಅಂತ ಆ್ಯಪಲ್ 2017ರಲ್ಲಿ ಒಪ್ಪಿಕೊಂಡಿತ್ತು. ಆಂಡ್ರಾಯ್ಡ್‌ನಲ್ಲೂ ಹಳೇ ಬ್ಯಾಟರಿ ಬದಲಿಸಿದ್ರೆ ನೆಮ್ಮದಿ. ಹಿಂಬದಿ ಉಬ್ಬಿದ್ರೆ ಚಾರ್ಜಿಗೇ ಹಾಕಬೇಡಿ, ಒತ್ತಬೇಡಿ, ನೇರ ಮಡಿಕೇರಿನೋ ಕುಶಾಲನಗರನೋ, ರಿಪೇರಿ ಅಂಗಡಿಗೆ ಕೊಡಿ.

ತೋಟದ ತಗ್ಗಲ್ಲಿ ಟವರ್ ಸಿಗದೇ ಇದ್ದಾಗ ಫೋನು ಜೋರು ಶಕ್ತಿ ಹಾಕಿ ಹುಡುಕ್ತಾ ಬಿಸಿಯಾಗುತ್ತೆ, ಬಿಸಿಯಾದ್ರೆ ಪ್ರೊಸೆಸರ್ ನಿಧಾನ ಆಗುತ್ತೆ. ಅಲ್ಲಿ ಏರೋಪ್ಲೇನ್ ಮೋಡ್ ಹಾಕಿ. ಮನೇಲಿ ವೈಫೈ ಇದ್ದು ಫೋನಲ್ಲಿ ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೂಲಕ ಕರೆ) ಇದ್ರೆ ಅದನ್ನ ಆನ್ ಮಾಡಿ.

ಚಾರ್ಜ್ ಸರಿ ಏರ್ತಿಲ್ಲ ಅಂದ್ರೆ ಚಾರ್ಜರ್ ಹಾಕೋ ತೂತಲ್ಲಿ ಟಾರ್ಚ್ ಬಿಟ್ಟು ನೋಡಿ. ಜೇಬಿನ ನೂಲು, ಧೂಳು, ಮಳೆಗಾಲದ ತೇವ ಸೇರಿ ತಳದಲ್ಲಿ ಗಟ್ಟಿ ಪದರ ಆಗಿರುತ್ತೆ. ಫೋನ್ ಆಫ್ ಮಾಡಿ, ಮರದ ಕಡ್ಡಿಯಲ್ಲಿ ಮೆಲ್ಲಗೆ ಕೆರೆದು ಹೊರಗೆ ತೆಗೀರಿ. ಸೂಜಿ, ಪಿನ್ನು ಬೇಡವೇ ಬೇಡ. ಹಾಂ, ನೆನೆದ ಹೊಸ ಫೋನನ್ನ ಒಲೆ ಹತ್ತಿರ ಇಟ್ಟಿದ್ರೆ ಈಗಲೇ ತೆಗೀರಿ, ಬಿಸಿಗೆ ಬ್ಯಾಟರಿ ಕೆಡುತ್ತೆ.

ಇಷ್ಟಾದ ಮೇಲೂ ಸರಿಹೋಗದಿದ್ರೆ ಮಾತ್ರ ಫ್ಯಾಕ್ಟರಿ ರೀಸೆಟ್, ಅಂದ್ರೆ ಫೋನಲ್ಲಿರೋದೆಲ್ಲ ಅಳಿಸಿ ಹೊಸದರ ಹಾಗೆ ಮಾಡೋದು. ಮೊದಲು ಫೋಟೋ, ನಂಬರುಗಳ ಬ್ಯಾಕಪ್ ಆಗಲಿ, ಗೂಗಲ್ ಪಾಸ್‌ವರ್ಡ್ ಪಕ್ಕಾ ಗೊತ್ತಿರಲಿ, ಇಲ್ಲದಿದ್ರೆ ರೀಸೆಟ್ ಆದ ಫೋನ್ ಲಾಕ್ ಆಗಿ ಕೂರಬಹುದು.

ಒಂದು ಮಾತು ಮಾತ್ರ ಖಂಡಿತ ಕೇಳಿ: ಬ್ಯಾಂಕ್ ಆ್ಯಪು, ಯುಪಿಐ ಇದರಲ್ಲಿ ಬೇಡ. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿ, ವರ್ಷಗಳ ಹಿಂದಿನದಾದ್ರೆ ಆಮೇಲೆ ಪತ್ತೆಯಾದ ಸೆಕ್ಯುರಿಟಿ ಬಿರುಕುಗಳೆಲ್ಲ ಹಾಗೇ ತೆರೆದಿರುತ್ತೆ. ಆ ದಿನಾಂಕ, ಆಂಡ್ರಾಯ್ಡ್ ಎಷ್ಟನೇದು, ಖಾಲಿ ಜಾಗ ಎಷ್ಟು, ಈ ಮೂರನ್ನ ಇಲ್ಲೇ ಹಾಕಿ, ರೀಸೆಟ್ ಬೇಕಾ ಬೇಡ್ವಾ ಹೇಳ್ತೀನಿ.