ಪಿಎಚ್‌ಡಿಗೆ ಸ್ಟೆಮ್ ಸೆಲ್ ಆರಿಸಲಾ, ಎಕ್ಸೋಸೋಮ್ ಆರಿಸಲಾ?

"ಎಕ್ಸೋಸೋಮ್ ಆದರೆ ಜೀವಕೋಶದ ರಗಳೆ ಇಲ್ಲ, ಕೆಲಸ ಸುಲಭ, ಅಪಾಯವೂ ಇಲ್ಲ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ನಗು ಬಂತು. ನಾನು ಪಿಎಚ್‌ಡಿಗೆ ಸೇರಿದಾಗ ಗೈಡ್ ಮುಂದೆ ಹೇಳಿದ್ದು ಹೆಚ್ಚುಕಡಿಮೆ ಇದೇ ಮಾತು. (ಹೊಸಬರಿಗೆ: ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ; ಎಕ್ಸೋಸೋಮ್ ಅಂದರೆ ಕೋಶಗಳು ಹೊರಗೆ ಬಿಡುವ ಅತಿ ಚಿಕ್ಕ ಚೀಲ.)

ಆಗ ನನ್ನ ತರ್ಕ ಚೆನ್ನಾಗಿಯೇ ಇತ್ತು. ರಕ್ತನಾಳಕ್ಕೆ ಚುಚ್ಚಿದ ಸ್ಟೆಮ್ ಸೆಲ್‌ಗಳಲ್ಲಿ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಬೀಳುತ್ತವೆ, ಕೆಲವು ದಿನಗಳಲ್ಲಿ ಸತ್ತೂ ಹೋಗುತ್ತವೆ. ಆದರೂ ಪ್ರಯೋಗದ ಪ್ರಾಣಿಗಳಲ್ಲಿ ಗಾಯಗೊಂಡ ಅಂಗ ಸುಧಾರಿಸಿದ್ದು ಕಾಣುತ್ತದೆ. ಹಾಗಾದರೆ ಅವು ಅಲ್ಲಿಗೆ ಹೋಗಿ ಅಂಗ ಕಟ್ಟುತ್ತಿಲ್ಲ, ಏನನ್ನೋ ಹೊರಗೆ ಬಿಡುತ್ತಿವೆ ಅಲ್ವಾ? 2010ರಲ್ಲಿ ಸಿಂಗಪುರದ ಸಾಯ್ ಕಿಯಾಂಗ್ ಲಿಮ್ ಅವರ ತಂಡ ಇಲಿಯ ಹೃದಯದಲ್ಲಿ ಇದನ್ನು ತೋರಿಸಿತ್ತು. ರಕ್ತ ನಿಂತು ಮತ್ತೆ ಹರಿದಾಗ ಆಗುವ ಹಾನಿ, ಬರೀ ಎಕ್ಸೋಸೋಮ್ ಕೊಟ್ಟರೂ ಕಡಿಮೆಯಾಯಿತು. ಅದನ್ನು ಓದಿದ ಮೇಲೆ ನಾನು ಕೋಶಗಳ ಕಡೆ ತಿರುಗಿ ನೋಡಲಿಲ್ಲ.

ಮೂಳೆಮಜ್ಜೆಯ ಸ್ಟೆಮ್ ಸೆಲ್ ಬೆಳೆಸಿದೆ. ಅವು ಬೆಳೆದ ಮೀಡಿಯಾ, ಅಂದರೆ ಕೋಶಗಳಿಗೆ ಆಹಾರವಾಗುವ ದ್ರವ ತೆಗೆದು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಒಂದು ಲಕ್ಷ ಜಿ (ಭೂಮಿಯ ಗುರುತ್ವದ ಲಕ್ಷ ಪಟ್ಟು) ಬಲದಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ಎತ್ತಿಕೊಂಡೆ. ಚರ್ಮದ ಕೋಶಗಳ ಪದರದ ಮೇಲೆ ಗೀರು ಎಳೆದು ಅದನ್ನು ಹಾಕಿದರೆ, ಗೀರು ಬೇಗ ಬೇಗ ಮುಚ್ಚಿಕೊಳ್ಳುತ್ತಿತ್ತು. ಬರೀ ಉಪ್ಪುನೀರು, ಅಂದರೆ ಪಿಬಿಎಸ್ ಹಾಕಿದ ಕಡೆ ನಿಧಾನ. ಹದಿನಾಲ್ಕು ತಿಂಗಳು ಇದೇ ಸಂಭ್ರಮ.

ತಪ್ಪು ಇದ್ದದ್ದು ಬರೀ ಆ ಪಿಬಿಎಸ್ ಜೊತೆ ಹೋಲಿಸಿದ್ದರಲ್ಲಿ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಕೋಶ ಬೆಳೆಸೋಕೆ ಮೀಡಿಯಾಗೆ ಶೇ. 10ರಷ್ಟು ಕರುವಿನ ಸೀರಮ್ ಹಾಕುತ್ತೇವೆ. ಸೀರಮ್ ಅಂದರೆ ರಕ್ತದ ಭಾಗವೇ ತಾನೇ, ಅದರಲ್ಲೂ ಎಕ್ಸೋಸೋಮ್ ತುಂಬಿ ತುಳುಕುತ್ತಿರುತ್ತವೆ. ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಸೀರಮ್ಮನ್ನೂ ರಾತ್ರಿಯಿಡೀ ತಿರುಗಿಸಿ "ಕ್ಲೀನ್" ಮಾಡಿದ್ದೆ. ಆದರೆ ಏನೂ ಬೆರೆಸದೆ ಹಾಗೇ ತಿರುಗಿಸಿದ್ದೆ. ಸೀರಮ್ ಗಟ್ಟಿ ದ್ರವ, ಅಷ್ಟು ಚಿಕ್ಕ ಕಣಗಳು ಅದರಲ್ಲಿ ಸುಲಭಕ್ಕೆ ಕೆಳಗಿಳಿಯೋದಿಲ್ಲ. ಮೊದಲು ಮೀಡಿಯಾ ಬೆರೆಸಿ ತೆಳು ಮಾಡಬೇಕಿತ್ತು, ಹಾಗೆ ಮಾಡಿದರೂ ಪೂರ್ತಿ ಹೋಗೋದಿಲ್ಲ ಅನ್ನೋದು ಬೇರೆ ಮಾತು. ಕಣ ಎಣಿಸುವ ಯಂತ್ರವೂ ನನಗೆ ಸಹಾಯ ಮಾಡಲಿಲ್ಲ. ಅದಕ್ಕೆ ಬೆಳಕು ಚದುರಿಸುವ ಚುಕ್ಕಿ ಕಂಡರೆ ಸಾಕು, ಮನುಷ್ಯನದೋ ಕರುವಿನದೋ, ಎಕ್ಸೋಸೋಮೋ ಕೊಬ್ಬಿನ ಕಣವೋ, ಎಲ್ಲವನ್ನೂ ಒಟ್ಟಿಗೆ ಎಣಿಸಿ ಒಂದು ದೊಡ್ಡ ಸಂಖ್ಯೆ ಕೊಡುತ್ತದೆ. ನಾನು ಆ ಸಂಖ್ಯೆ ನೋಡಿ ಬೀಗುತ್ತಿದ್ದೆ.

ಒಂದು ದಿನ ಲ್ಯಾಬ್ ಮೀಟಿಂಗ್‌ನಲ್ಲಿ ಹೊಸದಾಗಿ ಬಂದ ಹುಡುಗಿಯೊಬ್ಬಳು ಕೇಳಿದಳು: "ಕೋಶವನ್ನೇ ಮುಟ್ಟದ ಮೀಡಿಯಾವನ್ನು ಇದೇ ಥರ ತಿರುಗಿಸಿ ಹಾಕಿದರೆ ಏನಾಗುತ್ತೆ?" ಸಿಟ್ಟು ಬಂತು. ಬಾಯಿ ಮುಚ್ಚಿಸೋಣ ಅಂತಲೇ ಮಾಡಿದೆ. ಗೀರು ಹೆಚ್ಚುಕಡಿಮೆ ಅಷ್ಟೇ ಬೇಗ ಮುಚ್ಚಿತು. ಹದಿನಾಲ್ಕು ತಿಂಗಳು ನಾನು ಅಳೆದದ್ದು ಬಹುಪಾಲು ಕರುವನ್ನು.

ಅದಕ್ಕೇ ಕೋಶವೋ ಎಕ್ಸೋಸೋಮೋ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಅನ್ನಿಸೋದಿಲ್ಲ. ಎಕ್ಸೋಸೋಮ್ ತೆಗೆದುಕೊಂಡರೂ ಕೋಶ ಬೆಳೆಸಲೇಬೇಕು, ಅದೂ ಲೀಟರ್‌ಗಟ್ಟಲೆ ಮೀಡಿಯಾದಲ್ಲಿ. ಸೀರಮ್ ಬೇಡ ಅಂತ ಒಂದೆರಡು ದಿನ ಹಸಿವಿಗೆ ಬಿಟ್ಟರೆ ಕೋಶಗಳು ಬೇರೆಯದನ್ನೇ ಉಗುಳಬಹುದು, ಸತ್ತವುಗಳ ಚೂರುಗಳೂ ಬಂದು ಸೇರುತ್ತವೆ. ಸೀರಮ್ ಬದಲು ಪ್ಲೇಟ್‌ಲೆಟ್ ಲೈಸೇಟ್ (ಮನುಷ್ಯನ ರಕ್ತದ ಪ್ಲೇಟ್‌ಲೆಟ್ ಒಡೆದು ತೆಗೆದ ದ್ರವ) ಬಳಸಿ ಅಂತ ಯಾರಾದರೂ ಹೇಳಿದರೆ ಹುಷಾರು, ಅದರಲ್ಲಿರೋದು ಮನುಷ್ಯನ ಕಣಗಳೇ, ನಿಮ್ಮವನ್ನು ಬೇರೆ ಮಾಡೋದು ಇನ್ನೂ ಕಷ್ಟ.

"ಅಪಾಯ ಇಲ್ಲ" ಅಂದಿರಿ. ಎಕ್ಸೋಸೋಮ್ ಕೋಶದ ಹಾಗೆ ಒಡೆದು ಎರಡಾಗೋದಿಲ್ಲ, ನಿಜ. ಅಷ್ಟರಿಂದಲೇ ಸುರಕ್ಷಿತ ಅಂತಾಗೋದಿಲ್ಲ. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎಕ್ಸೋಸೋಮ್ ಹೆಸರಲ್ಲಿ ಮಾರುವ ಅನುಮತಿಯಿಲ್ಲದ ಚಿಕಿತ್ಸೆಗಳ ಬಗ್ಗೆ ಜನರನ್ನು ಎಚ್ಚರಿಸಿತ್ತು, ನೆಬ್ರಾಸ್ಕಾದಲ್ಲಿ ರೋಗಿಗಳಿಗೆ ಗಂಭೀರ ತೊಂದರೆ ಆದ ಮೇಲೆ.

ಯಾವ ವಿಷಯ ಸಿಕ್ಕರೂ ತಗೊಳ್ಳಿ, ನನಗೆ ಅದು ದೊಡ್ಡ ಮಾತಲ್ಲ. ಎಕ್ಸೋಸೋಮ್ ಆದರೆ ಸೇರುವ ಮೊದಲೇ ಮಿಸೆವ್ (MISEV) 2023 ಓದಿ, ಇಂಥ ಕಣಗಳ ಅಧ್ಯಯನ ಹೇಗಿರಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಮಾರ್ಗಸೂಚಿ ಅದು. ನಾನು ಮೂರನೇ ವರ್ಷದಲ್ಲಿ ಅದರ ಹಳೆಯದನ್ನು ಓದಿದೆ. ಮೊದಲ ದಿನದಿಂದಲೇ ಸೆಂಟ್ರಿಫ್ಯೂಜ್‌ನ ರೋಟರ್‌ನಲ್ಲಿ (ಟ್ಯೂಬುಗಳನ್ನು ಇಟ್ಟು ತಿರುಗಿಸುವ ಭಾಗ) ಒಂದು ಟ್ಯೂಬು ಕೋಶ ಕಾಣದ ಮೀಡಿಯಾಗೆ ಮೀಸಲಿಡಿ. ಸುಮ್ನೆ ಜಾಗ ಹಾಳು ಅಂತ ಗೈಡ್ ಬೈದರೆ ಈ ಉತ್ತರ ತೋರಿಸಿ.